ಕೋಲಿಲ್ಲದ ಕೋಲಾಟ

ಹುಣಸೆಬೀಜದ ಗಂಜಿ ಹಚ್ಚಿದ ಕಂಬಳಿಯ ವಾಸನೆ ಬಂದರೆ ಈ ವಯಸ್ಸಿನಲ್ಲೂ ನನ್ನ ತಲೆ ತಗ್ಗುತ್ತದೆ.

ನಾನು ಚಿಕ್ಕವನಿದ್ದಾಗ, ದೇವಸಮುದ್ರದ ಸುತ್ತ ಹೆಸರಾಗಿದ್ದ ನಮ್ಮೂರ ಕೋಲಾಟದ ಮೇಳಕ್ಕೆ ಪದ ಕಟ್ಟಿ ಹಾಡುತ್ತಿದ್ದ ಓಬಣ್ಣ ತೀರಿಕೊಂಡ. ಅವನ ಹಾಡೆಂದರೆ ಪ್ರಾಣ ಬಿಡುತ್ತಿದ್ದ ಮೇಳದ ಹೆಂಗಸರು, ಕೋಲು ಹಾಕುತ್ತ ಅವನದೇ ಪದ ಹಾಡಿ ಮಣ್ಣಿಗೆ ಕಳಿಸುತ್ತೇವೆಂದು ಹಟ ಹಿಡಿದರು. "ಹೆಣದ ಮುಂದೆ ಹೆಂಗಸ್ರು ಕುಣಿಯೋದಾ? ಲೇ, ಆ ಕೋಲು ಬಚ್ಚಿಡು" ಎಂದು ದೊಡ್ಡಪ್ಪ ನನಗೆ ಗದರಿದರು. ನಾನು ಅವನ್ನೆಲ್ಲ ಗಂಜಿ ಹಚ್ಚಿ ಒಣಹಾಕಿದ್ದ ಕಂಬಳಿಗಳ ಅಡಿಗೆ ತೂರಿದೆ.

ಅವ್ವ ಹುಡುಕಿ ಸಾಕಾಗಿ, "ಕೋಲು ಹೋದ್ರೆ ಹೋಗ್ಲಿ, ಕೈ ಐತಲ್ಲ" ಎಂದು ಚಪ್ಪಾಳೆ ತಟ್ಟಿ ಪದ ಎತ್ತಿದಳು. ಹೆಂಗಸರೆಲ್ಲ ದನಿಗೂಡಿಸಿ ದೊಡ್ಡಪ್ಪನ ಬಾಗಿಲ ಮುಂದೆಯೇ ಕುಣಿದು ಹೋದರು.

ಸಂಜೆ ಅಂಗೈ ಬಾತು ಮುದ್ದೆ ಮುರಿಯಲಾಗದ ಅವ್ವನಿಗೆ ನಾನೇ ಉಣ್ಣಿಸಿದೆ. "ತಿಥಿ ದಿನಾನೂ ಹಾಡ್ತೀವಿ ಅಂತ ನಿಮ್ಮ ದೊಡ್ಡಪ್ಪಗೆ ಹೇಳು, ಹೋಗು" ಎಂದಳು.