ಬೊಲುಂಬು ಅಜ್ಜಿಯ ತೋಳು

"ಮನೆಮಂದಿಗೆಲ್ಲ ಗುಳ್ಳೆ, ಈ ಮುದುಕಿಗೆ ಮಾತ್ರ ಒಂದೂ ಇಲ್ಲ! ಮಾಟಗಾತಿ ಇವಳೇ, ಎಕಿಲಾ, ನಿನ್ನ ಮಕ್ಕಳನ್ನ ಒಳಗೊಳಗೇ ತಿಂತಾ ಇದಾಳೆ!" ಊರ ಹಿರಿಯ ಬೊಕುಂಗು ಅಂಗಳದಲ್ಲಿ ನಿಂತು ಗುಡುಗಿದಾಗ ಎಕಿಲಾ ತನ್ನ ಅತ್ತೆ ಬೊಲುಂಬುವಿನ ಪರವಾಗಿ ಬಾಯಿ ಬಿಡಲಿಲ್ಲ. ಎಂಪಾಕ್ಸ್ ಎಂಬ ಗುಳ್ಳೆರೋಗ ಬಂದ ಮಕ್ಕಳ ಕೀವು ಒರೆಸಿದ್ದು, ಅವರ ಚಾಪೆಯಲ್ಲೇ ಮಲಗಿದ್ದು, ಅವರು ಬಿಟ್ಟ ಕಸಾವಾ ಗೆಣಸಿನ ಮುದ್ದೆ ತಿಂದಿದ್ದು ಈ ಅತ್ತೆಯೇ. ಆದರೂ ಅವಳ ಮೈ ನುಣ್ಣಗಿತ್ತು. ಎಕಿಲಾಳ ಹೆದರಿಕೆಯೂ ಅದೇ.

"ಅಜ್ಜೀ, ಎಡತೋಳು ತೋರ್ಸು," ಎಂದಳು ಲಸಿಕೆಯ ಪೆಟ್ಟಿಗೆ ಹೊತ್ತು ಬಂದಿದ್ದ ನರ್ಸ್ ಬೊಯಾಲಿ.

ಬೊಲುಂಬು ಅಜ್ಜಿ ಹೆಗಲಿನ ಬಟ್ಟೆ ಸರಿಸಿದಳು. ರಟ್ಟೆಯ ಮೇಲೆ ಗುಂಡಗಿನ, ಕುಳಿಬಿದ್ದ ಹಳೆಯ ಕಲೆ. "ಸಿಡುಬು ಬರದಿರ್ಲಿ ಅಂತ ಚಿಕ್ಕೋಳಿದ್ದಾಗ ಚುಚ್ಚಿದ್ರು. ದೋಣೀಲಿ ಬಂದಿದ್ರಪ್ಪ. ಚುಚ್ಚಿದೋನ ಕೈ ಕಚ್ಚಿಬಿಟ್ಟಿದ್ದೆ!"

"ಈ ರೋಗ ಸಿಡುಬಿನ ದಾಯಾದಿ. ಆ ಚುಚ್ಚು ಇದನ್ನೂ ಬಹುಪಾಲು ತಡೆಯುತ್ತೆ," ಎಂದಳು ಬೊಯಾಲಿ. "ಸಿಡುಬು ಲೋಕ ಬಿಟ್ಟು ಹೋದ್ಮೇಲೆ ಚುಚ್ಚೋದನ್ನ ನಿಲ್ಲಿಸಿದ್ರು. ಆಮೇಲೆ ಹುಟ್ಟಿದೋರಿಗೆ ಆ ಕಾವಲಿಲ್ಲ."

ಎಕಿಲಾ ಬೆರಳು ಚಾಚಿ ಕಲೆಯನ್ನು ಮುಟ್ಟಿದಳು. ತಾನು ಹುಟ್ಟುವ ಮೊದಲೇ ಬಂದು ಕೂತ ಕಾವಲುಗಾರ, ಇವತ್ತಿನವರೆಗೂ ಕಣ್ಣು ಮುಚ್ಚಿಲ್ಲ!

"ಅವತ್ತು ಚುಚ್ಚಿಸ್ಕೊಳ್ಳೋ ಸಾಲಲ್ಲಿ ನನ್ನ ಹಿಂದೆ ನಿಂತು ಉಚ್ಚೆ ಹೊಯ್ಕೊಂಡೋನು ಯಾರೋ, ಬೊಕುಂಗು?" ಎಂದಳು ಅಜ್ಜಿ.

ಯಾರೂ ನಗಲಿಲ್ಲ. ಅಂಗಳದಲ್ಲಿದ್ದ ಮುದುಕರೆಲ್ಲ ಒಬ್ಬೊಬ್ಬರಾಗಿ ಎಡತೋಳು ತಡವಿಕೊಳ್ಳುತ್ತಿದ್ದರು. ಬೊಕುಂಗುವಿನ ಬಲಗೈಯೂ ತಾನಾಗಿ ಅಂಗಿಯ ಎಡತೋಳಿನೊಳಗೆ ಸರಿಯಿತು, ಏನನ್ನೋ ಹುಡುಕಿತು, ಗುಂಡಗಿನ ಕುಳಿ ಸಿಕ್ಕಲ್ಲೇ ನಿಂತುಬಿಟ್ಟಿತು.