ಆರು ಕಿಲೋಮೀಟರಿನ ಕಾರು

ಪರದೆಯ ಮೇಲೆ ಹತ್ತೊಂಬತ್ತು ಪರ್ಸೆಂಟ್ ಬಂದದ್ದೇ ತಡ, ಬಿಂದುಶ್ರೀ ಚಾರ್ಜರ್ ನಿಲ್ಲಿಸಿ ಕಾರಿಗೆ ಸಿಕ್ಕಿಸಿದ್ದ ಚಾರ್ಜಿಂಗ್ ಗನ್ ಕಿತ್ತಳು.

"ಯಾಕಮ್ಮ, ಕರೆಂಟ್ ಹೋಯ್ತಾ?" ಏಕಾಂತಯ್ಯ ಕುರ್ಚಿಯಿಂದ ಎದ್ದರು.

"ಇಲ್ಲ ಸಾರ್. ಇವತ್ತಿಂದ ನಿಮಗೆ ಇಲ್ಲಿ ಚಾರ್ಜಿಂಗ್ ಇಲ್ಲ. ಮ್ಯಾನೇಜರ್ ಹೇಳಿದಾರೆ."

ಮುದುಕರ ಮುಖ ಬಿಳಿಚಿಕೊಂಡಿತು. ಒಂದು ಕಾರಿನ ಚಾರ್ಜಿಗೆ ಯಾರಾದರೂ ಇಷ್ಟು ಹೆದರುತ್ತಾರೆಯೇ? ಸಿಕ್ಕಿಬಿದ್ದ ಹೆದರಿಕೆಯೇ ಇರಬೇಕು ಎಂದುಕೊಂಡಳು ಬಿಂದುಶ್ರೀ.

ಅನುಮಾನ ಇಂದು ನಿನ್ನೆಯದಲ್ಲ. ಎರಡು ತಿಂಗಳ ಹಿಂದೆ ಆ ಕಾರನ್ನು ಮಾರಿದವಳೇ ಇವಳು. ಚಂದ್ರಾ ಲೇಔಟಿನ ಈ ಎಲೆಕ್ಟ್ರಿಕ್ ಕಾರಿನ ಷೋರೂಮಿನ ಮುಂದೆ 'ನಮ್ಮಲ್ಲಿ ಕೊಂಡವರಿಗೆ ಒಂದು ವರ್ಷ ಚಾರ್ಜಿಂಗ್ ಉಚಿತ' ಎಂಬ ಬೋರ್ಡು ಏರಿದ ದಿನವೇ ಏಕಾಂತಯ್ಯ ಒಳಗೆ ಬಂದಿದ್ದರು. ಕೇಳಿದ್ದು ಎರಡೇ ಪ್ರಶ್ನೆ. ಭಾನುವಾರವೂ ಚಾರ್ಜರ್ ಇರುತ್ತಾ? ಹಬ್ಬದ ದಿನ? ಬಣ್ಣ ಕೇಳಲಿಲ್ಲ, ಮೈಲೇಜ್ ಕೇಳಲಿಲ್ಲ, ಓಡಿಸಿ ನೋಡಿ ಅಂದರೆ ಬೇಡ ಅಂದರು. ಅವಳು ಬಿಡುತ್ತಾಳೆಯೇ, ಬಾಯಿಪಾಠ ಒಪ್ಪಿಸಿದ್ದಳು: ಆರು ಏರ್‌ಬ್ಯಾಗು, ಹಿಂದೆ ಕ್ಯಾಮೆರಾ, ಪಿಕ್ನಿಕ್ಕಿಗೆ ಹೋದರೆ ಕಾರಿಗೇ ಮಿಕ್ಸಿ ಸಿಕ್ಕಿಸಬಹುದು, ಮೇಲೆ ಗಾಜಿನ ಸೂರು. ಮನೆಗೊಂದು ಚಾರ್ಜರ್ ನಾವೇ ಹಾಕಿಕೊಡ್ತೀವಿ ಎಂದಾಗ ಮಾತ್ರ ಅವರು ತಡೆದರು.

"ಮನೇಲಿ ಬೇಡಮ್ಮ. ಇಲ್ಲಿಗೇ ಬರ್ತೀನಿ. ಕಾರು ನನ್ನ ಹೆಂಡತಿ ಬಸವರಾಜೇಶ್ವರಿ ಹೆಸರಲ್ಲಿ ಬರ್ಕೊಳ್ಳಿ. ಅವಳಿಗೋಸ್ಕರಾನೇ ತಗೋತಿರೋದು."

ಆ ಹೆಂಡತಿ ಕೀ ತೆಗೆದುಕೊಳ್ಳುವ ದಿನವೂ ಬರಲಿಲ್ಲ. ಹಾರ ಹಾಕಿ ಫೋಟೋ ತೆಗೆಯಲು ನಿಂತವರು ಹಾರವನ್ನು ಬಾನೆಟ್ಟಿಗೇ ಹಾಕಿ ಕಳಿಸಿದರು.

ಏಕಾಂತಯ್ಯ ಮಾತ್ರ ದಿನಾ ಬಂದರು. ಷಟರ್ ಎತ್ತುವ ಮೊದಲೇ ಗೇಟಿನಲ್ಲಿ ಹಾಜರ್. ಕೂತರೆ ಐದು ನಿಮಿಷಕ್ಕೊಮ್ಮೆ ಫೋನು. "ಇನ್ನರ್ಧ ಗಂಟೆ ಅಷ್ಟೇ. ತಡ್ಕೋ. ಬಂದೇ ಬಿಟ್ಟೆ."

ಮೊದಲು ಮೂಗು ಮುರಿದವನು ಮೆಕ್ಯಾನಿಕ್ ಉದಯಕುಮಾರ್. "ಅಕ್ಕಾ, ಇದ್ರಲ್ಲೇನೋ ಮಸಲತ್ತಿದೆ. ನಿನ್ನೆ ಫುಲ್ ಮಾಡ್ಕೊಂಡ್ ಹೋದ್ರು, ಇವತ್ತು ಹದಿನೈದಕ್ಕೆ ಬಂದು ನಿಂತಿದೆ. ಓಡಿರೋದು ಎಷ್ಟು ಗೊತ್ತಾ? ಆರು ಕಿಲೋಮೀಟರ್! ದಿನಾ ಆರೇ!"

ಬ್ಯಾಟರಿ ಕೆಟ್ಟಿರಬೇಕೆಂದು ಎರಡು ಸಲ ಪರೀಕ್ಷೆಯಾಯಿತು. ಅದು ಗುಂಡುಕಲ್ಲಿನ ಹಾಗಿತ್ತು. ಹಾಗಾದರೆ ಉಳಿದದ್ದು ಒಂದೇ. ಮುದುಕರು ಕಿಲೋಮೀಟರ್ ತಿರುಚಿ, ಯಾರ ಕೈಲೋ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದಾರೆ. ಫೋನಿನಲ್ಲಿ ಕಾಯುತ್ತಿರುವುದು ಆ ಡ್ರೈವರ್.

ಪೆಟ್ಟು ಬೀಳುತ್ತಿದ್ದದ್ದು ಬಿಂದುಶ್ರೀಗೆ. ಕಾರು ನೋಡಲು ಬಂದವರ ಕಣ್ಣು ಮೊದಲು ಹೋಗುವುದೇ ಚಾರ್ಜರಿನತ್ತ. ಗೋವಿಂದರಾಜನಗರದ ಬಟ್ಟೆ ವ್ಯಾಪಾರಿಯೊಬ್ಬರು ಬುಕ್ ಮಾಡಲೆಂದೇ ಬಂದವರು, "ಏನಮ್ಮ, ಮೂರು ಸಲ ಬಂದೆ, ಮೂರು ಸಲಾನೂ ಅದೇ ಬಿಳಿ ಗಾಡಿ ಚಾರ್ಜಿಗೆ ನಿಂತಿದೆ. ಇದ್ಯಾವ ಸೀಮೆ ಗಾಡಿ? ನಮಗೆಲ್ಲಿ ಜಾಗ?" ಎಂದು ಹೊರಟೇಹೋದರು. ಹೀಗೆ ನಾಲ್ಕು ಬುಕಿಂಗ್ ಕೈತಪ್ಪಿದವು.

ಮ್ಯಾನೇಜರ್ ಶ್ಯಾಮಸುಂದರ ಕಡ್ಡಿ ಮುರಿದಂತೆ ಹೇಳಿದ. "ನೀವೇ ಮಾರಿದ್ದು, ನೀವೇ ಸರಿಮಾಡಿ. ಇವತ್ತು ಗನ್ ಕಿತ್ತುಹಾಕಿ. ಹಿಂದೇನೇ ಹೋಗಿ ಫೋಟೋ ತಗೊಂಡ್ ಬನ್ನಿ. ಆಗಲ್ಲ ಅಂದ್ರೆ ನಾಳೆಯಿಂದ ಬರ್ಲೇಬೇಡಿ."

ಹಾಗಾಗಿ ಈ ಹತ್ತೊಂಬತ್ತು.

"ಇವತ್ತೊಂದಿನ ಬಿಡಮ್ಮ," ಏಕಾಂತಯ್ಯ ಕೈ ಮುಗಿದರು. ತಾತನ ವಯಸ್ಸಿನವರು ಕೈ ಮುಗಿದರೆ ಯಾರಿಗೆ ತಾನೇ ಹಿತ? ಆದರೂ ಬಿಂದುಶ್ರೀ ಗನ್ನನ್ನು ಬಿಗಿಯಾಗಿ ಹಿಡಿದುಕೊಂಡೇ ನಿಂತಳು.

"ಆಗಲ್ಲ ಸಾರ್. ಬೇರೆ ಕಡೆ ಹಾಕಿಸ್ಕೊಳ್ಳಿ."

"ಬೇರೆ ಕಡೆ ಕ್ಯೂ ಇರುತ್ತೆ. ಅಷ್ಟು ಹೊತ್ತು ಇರಕ್ಕಾಗಲ್ಲ ನನಗೆ." ಗಡಿಯಾರ ನೋಡಿಕೊಂಡರು. ಕಾರು ಹತ್ತಿದರು.

ಬಿಂದುಶ್ರೀ ಸ್ಕೂಟರಿನಲ್ಲಿ ಬೆನ್ನು ಹತ್ತಿದಳು. ದೂರವೇನಿಲ್ಲ, ಮೂರೇ ಕಿಲೋಮೀಟರ್. ನಾಗರಬಾವಿಯ ಹೊಸ ಬಡಾವಣೆಯಲ್ಲಿ, ಬಣ್ಣ ಇನ್ನೂ ಮಾಸದ ಮೂರು ಮಹಡಿಯ ಮನೆ. ಮೇಲಿನ ಮಹಡಿಗಳಿಗೆ 'ಬಾಡಿಗೆಗೆ ಇದೆ' ಎಂಬ ಬೋರ್ಡು. ಯಾವ ಡ್ರೈವರೂ ಕಾಣಲಿಲ್ಲ. ಏಕಾಂತಯ್ಯ ಕಾರಿನಿಂದ ದಡಬಡನೆ ಇಳಿದು, ಕಿಟಕಿಯಿಂದ ಇಳಿಬಿದ್ದಿದ್ದ ದಪ್ಪ ವೈರನ್ನು ಎಳೆದು ಕಾರಿಗೆ ಸಿಕ್ಕಿಸಿದರು.

ಅಬ್ಬಾ, ಮನೇಲೇ ಕರೆಂಟ್ ಇಟ್ಕೊಂಡು ನಮ್ಮ ಹತ್ರ ಬಿಟ್ಟಿ ಚಾರ್ಜಿಂಗಾ! ಬಿಂದುಶ್ರೀಗೆ ಮೈ ಉರಿದುಹೋಯಿತು. ಗೇಟಿನಿಂದಲೇ ಫೋಟೋ ಹೊಡೆದು ಕಳಿಸಿದಳು. 'ಮನೇಲೇ ಚಾರ್ಜ್ ಮಾಡ್ತಿದಾರೆ ಸಾರ್.' ಮ್ಯಾನೇಜರನ ಉತ್ತರ ಆ ಕ್ಷಣವೇ ಬಂತು. 'ಸೂಪರ್. ಅವರ ಚಾರ್ಜಿಂಗ್ ಕಾರ್ಡ್ ಪರ್ಮನೆಂಟಾಗಿ ಬ್ಲಾಕ್ ಮಾಡಿದೆ.'

ನಾಲ್ಕು ಮಾತು ಅಂದೇ ಹೋಗೋಣವೆಂದು ಗೇಟು ತಳ್ಳಿದಳು. ಗೋಡೆಯಲ್ಲಿ ಮೀಟರ್ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು. ಒಳಗೆ ಜೇಡರ ಬಲೆ.

"ಸಾರ್, ಮೀಟರ್ ಎಲ್ಲಿ?"

ಏಕಾಂತಯ್ಯ ತಿರುಗಿ ನೋಡಿದರು. ಸಿಟ್ಟಾಗುವ ತ್ರಾಣವೂ ಅವರಲ್ಲಿ ಉಳಿದಿರಲಿಲ್ಲ.

"ಕೊಟ್ಟಿಲ್ಲಮ್ಮ. ಬಾಡಿಗೆ ಬರುತ್ತೆ ಅಂತ ಪ್ಲಾನಲ್ಲಿಲ್ಲದ ಮಹಡಿ ಒಂದು ಎಬ್ಬಿಸಿಬಿಟ್ಟೆ. ವಾಸಕ್ಕೆ ಕೊಡೋ ಸರ್ಟಿಫಿಕೇಟ್ ಸಿಗ್ಲಿಲ್ಲ, ಅದಿಲ್ದೆ ಕರೆಂಟ್ ಇಲ್ಲ ಅಂದ್ರು. ಕಟ್ಟೋವಾಗ ಕೊಟ್ಟಿದ್ದ ಕನೆಕ್ಷನ್ನೂ ಕಿತ್ಕೊಂಡ್ ಹೋದ್ರು. ಎಲ್ಲಾ ನನ್ನ ದುರಾಸೆ. ಒಳಗಿರೋ ಸಣ್ಣ ಸಿಲಿಂಡರ್ ಎರಡು ಗಂಟೆ ಬರುತ್ತೆ, ಅಷ್ಟರಲ್ಲಿ ಹೋಗಿ ಬರ್ಬೇಕು."

"ಸಿಲಿಂಡರಾ?"

ಒಳಗೆ ಯಂತ್ರವೊಂದು ಗುರ್ ಎಂದು ಶುರುವಾಯಿತು. ಬಿಂದುಶ್ರೀ ಆ ವೈರಿನ ಗುಂಟ ಕಿಟಕಿಯೊಳಕ್ಕೆ ನೋಡಿದಳು.

ಕರೆಂಟು ಮನೆಯಿಂದ ಕಾರಿಗೆ ಬರುತ್ತಿರಲಿಲ್ಲ; ಕಾರಿನಿಂದ ಮನೆಯೊಳಕ್ಕೆ, ಮಂಚದ ಮೇಲೆ ಒರಗಿದ್ದ ಬಸವರಾಜೇಶ್ವರಿಯವರ ಮೂಗಿಗೆ ಆಕ್ಸಿಜನ್ ಕೊಡುವ ಮೆಷಿನಿಗೆ ಹೋಗುತ್ತಿತ್ತು, ಮತ್ತು ಕಾರಿನ ಪರದೆಯ ಮೇಲಿದ್ದ ಹದಿನೆಂಟು ಅವಳು ನೋಡುತ್ತಿದ್ದಂತೆಯೇ ಹದಿನೇಳಾಯಿತು.