ನೀನ್ಯಾರು ಅಂತ ಕೇಳುವ ಯಂತ್ರ

"ಕಂಪ್ಯೂಟರ್ ರಿಪೇರಿಯವನು ಮೇಡಂ" ಎಂದು ಅವನು ಒಳಗೆ ಬರುತ್ತಲೇ, ಬೆಳಿಗ್ಗೆಯಿಂದ ದಾರಿ ಕಾಯುತ್ತಿದ್ದ ಬ್ಯಾಂಕ್ ಮ್ಯಾನೇಜರ್ ವಾರಿಜಾ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟಳು. ಅವನು ಪೆನ್‌ಡ್ರೈವ್ ಸಿಕ್ಕಿಸಿ ಕೈಕಟ್ಟಿ ಕೂತ. ಪರದೆಯ ಮೇಲೆ ಅಕ್ಷರಗಳು ತಾವಾಗಿಯೇ ಓಡತೊಡಗಿದವು.

"ಇದೇನ್ರೀ, ಯಾರು ಟೈಪ್ ಮಾಡ್ತಿರೋದು?"

"ಸಿಕ್ಕಿಸಿದ ತಕ್ಷಣ ಕಂಪ್ಯೂಟರು ನೀನ್ಯಾರು ಅಂತ ಕೇಳುತ್ತೆ. ನಮ್ಮ ಪೆನ್‌ಡ್ರೈವು ನಾನು ಕೀಬೋರ್ಡು ಅಂದಿದೆ. ಈಗ ಇದು ಟೈಪ್ ಮಾಡಿದ್ದನ್ನೆಲ್ಲ ಕಂಪ್ಯೂಟರು ನಂಬಿ ಹಾಗೇ ಮಾಡುತ್ತೆ."

"ಹೌದೋ ಅಲ್ವೋ ಅಂತ ವಿಚಾರಿಸೋದೇ ಇಲ್ವಾ? ಎಂಥಾ ದಡ್ಡ ಯಂತ್ರ."

ಅವನು ನಗಲಿಲ್ಲ. ಪೆನ್‌ಡ್ರೈವ್ ಕಿತ್ತು ಜೇಬಿಗಿಳಿಸಿ, ಅವಳು ತರಿಸಿದ ಕಾಫಿ ಮುಗಿಸಿ, ಕೈಮುಗಿದು ಹೊರಟ.

ಅವಳು ಕುರ್ಚಿಗೆ ಮರಳುವಷ್ಟರಲ್ಲಿ ಫೋನು ಬಂತು.

"ಮೇಡಂ, ಕಂಪ್ಯೂಟರ್ ರಿಪೇರಿಗೆ ಕರೆದಿದ್ರಲ್ಲ, ನಾನೇ. ಬಸ್ಸು ಕೆಟ್ಟು ದಾರೀಲೇ ನಿಂತಿದೀನಿ. ಬರೋದು ಮಧ್ಯಾಹ್ನ ಆಗುತ್ತೆ."